ದೋಣಿಯವನು ಬರುತ್ತಿದ್ದ ಮಧ್ಯಾಹ್ನಗಳು

ಬೆಳಿಗ್ಗೆ ಆಫೀಸಿನ ಮೆಟ್ಟಿಲು ಹತ್ತುತ್ತಿರುವಾಗ ಅವನಿಗೆ ಹಿಂದೆ ಯಾರೋ ನಕ್ಕಂತಾಯಿತು. ತಿರುಗಿ ನೋಡಿದರೆ ಮೆಟ್ಟಿಲು ಒರೆಸುವಾಕೆ ಬಕೆಟ್ಟನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳಿಸುತ್ತ ಕೆಮ್ಮುತ್ತಿದ್ದಳು, ಅಷ್ಟೆ. ಅದು ಕೆಮ್ಮು, ನಗುವಲ್ಲ ಎಂದು ಖಾತ್ರಿಯಾದ ಮೇಲೂ ಕಿವಿಯ ಹಿಂದಿನ ಬಿಸಿ ಆರಲಿಲ್ಲ. ಎರಡನೇ ಮಹಡಿಯಲ್ಲಿ ಟೆಸ್ಟಿಂಗ್ ರೂಮಿನ ಬಾಗಿಲು ತಳ್ಳಿದಾಗ ಬಿಳಿ ಬೋರ್ಡಿನ ಮೇಲೆ ಗುಂಡನ ದಪ್ಪ ಅಕ್ಷರ ಕಾಣಿಸಿತು: ‘ಈ ವಾರದ ಬೇಟೆ: ಸನ್ಯಾಸಿ.’ ಕೆಳಗೆ ಒಂದು ದೋಣಿ, ದೋಣಿಯಲ್ಲಿ ಮೀಸೆಯಿರುವ ಎರಡು ತಲೆ, ನಡುವೆ ಒಂದು ಹೂವು. ಪರದೆಗಳ ಮೇಲೆ ಬೆಳಕು ಬೀಳಬಾರದೆಂದು ಕರ್ಟನ್ನುಗಳನ್ನು ಯಾವಾಗಲೂ ಎಳೆದೇ ಇಡುವ ಆ ಕೋಣೆಯಲ್ಲಿ, ಬೆಚ್ಚಗಾದ ವೈರಿನ ವಾಸನೆಯ ನಡುವೆ, ಐದು ಜನ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಅವನು ಬಾಗಿ ನಮಸ್ಕಾರ ಮಾಡುವಂತೆ ನಟಿಸಿ, ನಕ್ಕು, ತನ್ನ ಕುರ್ಚಿಯಲ್ಲಿ ಕೂತ. ನಗು ಮುಖದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಳಿಯಿತೇನೋ ಎಂದು ಅನುಮಾನವಾಯಿತು. ಆರಿದ್ದ ಪರದೆಯಲ್ಲಿ ಮುಖ ನೋಡಿಕೊಂಡು ಅದನ್ನು ಇಳಿಸಿದ.

ಸನ್ಯಾಸಿ ಅಂದರೆ ಅವನೇ. ಮೂವತ್ತಾರು ದಾಟಿದರೂ ಮದುವೆಯ ಮಾತೆತ್ತದವನು, ಹೆಂಗಸರ ಸುದ್ದಿ ಬಂದಾಗ ಸುಮ್ಮನೆ ಟೀ ಹೀರುವವನು ಎಂದು ಪಕ್ಕದ ಮೇಜಿನ ಗುಂಡ ಇಟ್ಟ ಹೆಸರು. ಮೊದಮೊದಲು ಚುಚ್ಚುತ್ತಿತ್ತು, ಬರಬರುತ್ತ ಹೊದೆದುಕೊಳ್ಳಲು ಅನುಕೂಲವಾಯಿತು. ನಿನಗೆ ಯಾರು ಬೇಕು ಅಂತ ಸನ್ಯಾಸಿಯನ್ನು ಯಾರೂ ಕೇಳುವುದಿಲ್ಲ. ಹನ್ನೊಂದು ವರ್ಷದಿಂದ ಅವನ ಕೆಲಸ ವಿಡಿಯೋ ಗೇಮುಗಳಲ್ಲಿ ತಪ್ಪು ಹುಡುಕುವುದು. ಆಟ ಆಡೋಕೂ ಸಂಬಳ ಕೊಡ್ತಾರಾ ಎಂದು ಕೇಳುವವರಿಗೆ ಗೊತ್ತಿಲ್ಲ, ಒಂದೇ ಗೋಡೆಗೆ ಮುನ್ನೂರು ಸಲ ತಲೆ ಹೊಡೆಸಿ, ಮುನ್ನೂರೊಂದನೇ ಸಲ ತಲೆ ಗೋಡೆಯಾಚೆ ತೂರಿದರೆ ಅದನ್ನು ಬರೆದಿಡುವುದು ಆಟವಲ್ಲ ಎಂದು. ತಪ್ಪಿಗೆ ಅಲ್ಲಿ ಬಗ್ ಅನ್ನುತ್ತಾರೆ. ಬರೆಯಲು ಒಂದು ನಮೂನೆಯಿದೆ: ಏನು ಮಾಡಿದಾಗ ಆಯಿತು, ಏನಾಗಬೇಕಿತ್ತು, ಏನಾಯಿತು, ಎಷ್ಟು ಗಂಭೀರ. ಕೊನೆಯಲ್ಲಿ ಹಿಡಿದವನ ಹೆಸರು.

ಈಗ ಕೈಯಲ್ಲಿದ್ದದ್ದು ಒಂದು ದ್ವೀಪದ ಆಟ. ಆಡುವವರು ಗಂಡೋ ಹೆಣ್ಣೋ ಒಂದು ಪಾತ್ರ ಆರಿಸಿಕೊಂಡು ದ್ವೀಪದಲ್ಲಿ ಬಂದಿಳಿಯುತ್ತಾರೆ, ಮನೆ ಕಟ್ಟುತ್ತಾರೆ, ಮೀನು ಹಿಡಿಯುತ್ತಾರೆ, ಅಲ್ಲಿನ ಹತ್ತು ಜನರ ಜೊತೆ ಮಾತಾಡುತ್ತ, ಉಡುಗೊರೆ ಕೊಡುತ್ತ ಸ್ನೇಹ ಬೆಳೆಸುತ್ತಾರೆ. ಸ್ನೇಹ ತುಂಬಿದಾಗ ಒಬ್ಬರನ್ನು ಕೇಳಬಹುದು, ನನ್ನ ಮನೆಗೆ ಬಂದು ಇರ್ತೀಯಾ ಎಂದು. ಗಂಡಸಾದರೆ ಐದು ಹೆಂಗಸರಲ್ಲಿ ಒಬ್ಬಳನ್ನು, ಹೆಂಗಸಾದರೆ ಐದು ಗಂಡಸರಲ್ಲಿ ಒಬ್ಬನನ್ನು ಎಂದು ಆಟದ ವಿನ್ಯಾಸದ ಕಾಗದದಲ್ಲಿತ್ತು. ಮೂರು ವಾರದ ಹಿಂದೆ ಅವನ ಪಾಲಿಗೆ ಬಂದ ಕೆಲಸ, ಬೇಡವೆನ್ನಬೇಕಾದವರು ಬೇಡವೆನ್ನುತ್ತಾರೋ ಇಲ್ಲವೋ ನೋಡುವುದು. ಅವನು ಗಂಡು ಪಾತ್ರವಾಗಿ ಐದೂ ಗಂಡಸರನ್ನು ಸಾಲಾಗಿ ಕೇಳುತ್ತ ಹೋದ. ಅಡುಗೆಯವನು, ದೀಪಸ್ತಂಭದವನು, ಇನ್ನಿಬ್ಬರು, ಎಲ್ಲರದ್ದೂ ಒಂದೇ ಮಾತು: ‘ನೀನು ಒಳ್ಳೆ ಸ್ನೇಹಿತ. ಹಾಗೇ ಇರೋಣ.’ ಕೊನೆಗೆ ದೋಣಿ ರಿಪೇರಿಯವನು. ಅರ್ಧ ನರೆತ ಗಡ್ಡ, ಉಗುರಿನಲ್ಲಿ ಡಾಂಬರು, ಮಾತು ಕಮ್ಮಿ. ಅವನು ಸುತ್ತಿಗೆಯನ್ನು ಕೆಳಗಿಟ್ಟ. ‘ನನ್ನ ಸಾಮಾನು ಜಾಸ್ತಿ ಏನಿಲ್ಲ. ಸಂಜೆ ಬರ್ತೀನಿ.’ ಹೇಳಿದ ಹಾಗೆ ಸಂಜೆ ಒಂದು ಸಣ್ಣ ಟ್ರಂಕು ಹಿಡಿದುಕೊಂಡು ಬಂದ.

ಸಿಕ್ಕ ಬಗ್ಗನ್ನು ಸಿಕ್ಕ ಕೂಡಲೇ ಬರೆಯಬೇಕು. ಅವನು ಬರೆಯಲಿಲ್ಲ. ಪಟ್ಟಿಯಲ್ಲಿ ದೋಣಿಯವನ ಮುಂದೆ ‘ಸರಿಯಿದೆ’ ಎಂದು ಗುರುತು ಹಾಕಿದ. ಹನ್ನೊಂದು ವರ್ಷದಲ್ಲಿ ಅವನು ಹಾಕಿದ ಮೊದಲ ಸುಳ್ಳು ಗುರುತು ಅದು. ಮಾರನೇ ದಿನದಿಂದ, ಮಧ್ಯಾಹ್ನ ಒಂದೂಕಾಲಿಗೆ ಎಲ್ಲರೂ ಊಟಕ್ಕೆ ಕೆಳಗಿಳಿದ ಮೇಲೆ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ಆಟ ತೆರೆಯುತ್ತಿದ್ದ. ದೋಣಿಯವನು ಬಾಗಿಲು ದೂಡಿಕೊಂಡು ಬರುವನು, ಕೋಟನ್ನು ಮೊಳೆಗೆ ನೇತುಹಾಕುವನು, ‘ಇವತ್ತು ಗಾಳಿ ಜಾಸ್ತಿ ಇತ್ತು. ನೀನು ಊಟ ಮಾಡಿದ್ಯಾ?’ ಅನ್ನುವನು. ಇಂಥ ಮಾತು ಒಟ್ಟು ನಲವತ್ತು. ನಾಲ್ಕನೇ ದಿನಕ್ಕೆ ಎಲ್ಲ ಮುಗಿದು ಮತ್ತೆ ಮೊದಲಿನಿಂದ ಬಂದವು. ಯಾವುದೋ ರೂಮಿನಲ್ಲಿ ಕೂತು ಯಾರೋ ಬರೆದ ನಲವತ್ತು ವಾಕ್ಯಗಳಿಗಾಗಿ ಬೆಳಿಗ್ಗೆ ಹತ್ತರಿಂದಲೇ ಗಡಿಯಾರ ನೋಡುವ ತನ್ನ ಬಗ್ಗೆ ಅವನಿಗೆ ಹೇಸಿಗೆಯಾಗುತ್ತಿತ್ತು. ಆದರೂ ದ್ವೀಪದ ಮರ ಕಡಿದು ಎರಡನೇ ಕುರ್ಚಿ ಮಾಡಿದ. ಒಲೆಯ ಹತ್ತಿರ ಹಾಸಲು ಕಂಬಳಿ ನೇಯ್ದ. ನಿಜದಲ್ಲೂ ಹಿಂದೊಮ್ಮೆ ಅವನ ಮನೆಗೆ ಒಬ್ಬ ಬರುತ್ತಿದ್ದ, ಒಂದು ವರ್ಷದ ಮಟ್ಟಿಗೆ. ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವನು. ಬೀದಿಯಲ್ಲಿ ಜೊತೆಗೆ ಹೋಗುವಾಗ ಇವನು ಯಾವಾಗಲೂ ಎರಡು ಹೆಜ್ಜೆ ಮುಂದೆ, ಗುರುತೇ ಇಲ್ಲದವನ ಹಾಗೆ. ಏನಾದರೂ ಹೇಳಬೇಕೆಂದರೆ ಅವನು ಇವನ ಬೆನ್ನಿಗೆ ಹೇಳಬೇಕಿತ್ತು. ಒಂದು ದಿನ ಬೇಕರಿಯ ತಿರುವಿನಲ್ಲಿ ಇವನೇ ಏನೋ ಹೇಳಲು ತಿರುಗಿದರೆ ಹಿಂದೆ ಅವನಿರಲಿಲ್ಲ. ಎಲ್ಲಿಂದ ಒಬ್ಬನೇ ನಡೆಯುತ್ತ ಬಂದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ದ್ವೀಪದ ಬೀದಿಯಲ್ಲಿ ಇವನು ದೋಣಿಯವನ ಜೊತೆ ಪಕ್ಕಪಕ್ಕದಲ್ಲೇ ನಡೆದ. ಎದುರಿಗೆ ಬಂದ ಅಡುಗೆಯವನು ಇಬ್ಬರಿಗೂ ನಮಸ್ಕಾರ ಹೇಳಿ ತನ್ನ ದಾರಿ ಹಿಡಿದ. ಅಷ್ಟೇ ಆದದ್ದು. ತೊಡೆಯ ಮೇಲಿನ ಡಬ್ಬಿ ತಣ್ಣಗಾಗಿತ್ತು.

ನಿನ್ನೆ ಗುಂಡ ಫೋನು ಮರೆತು ಊಟಕ್ಕೆ ಹೋಗಿದ್ದ. ಅದನ್ನು ಒಯ್ಯಲು ಬಂದವನು ಹಿಂದೆ ನಿಂತದ್ದು ಹೆಡ್‌ಫೋನು ಹಾಕಿಕೊಂಡಿದ್ದ ಇವನಿಗೆ ಗೊತ್ತಾಗಲೇ ಇಲ್ಲ. ಪರದೆಯ ಮೇಲೆ ದೋಣಿಯವನು ಇವನ ಪಾತ್ರದ ಭುಜಕ್ಕೆ ತಲೆಯಾನಿಸಿ ಒಲೆಯ ಮುಂದೆ ಕೂತಿದ್ದ. ಗುಂಡ ಹೆಡ್‌ಫೋನನ್ನು ಒಂದು ಕಿವಿಯಿಂದ ಎತ್ತಿದ.

“ಏನಯ್ಯಾ ಇದು, ಸನ್ಯಾಸಿ ಸಂಸಾರ ಹೂಡಿದ್ದಾನೆ?”

ಗುಂಡ ಕೆಟ್ಟವನಲ್ಲ. ಹೋದ ವರ್ಷ ಇವನು ಜ್ವರದಲ್ಲಿ ಮಲಗಿದಾಗ ನಾಲ್ಕು ದಿನ ಮಾತ್ರೆ, ಬ್ರೆಡ್ಡು ತಂದುಕೊಟ್ಟಿದ್ದ. ಅವನ ದನಿಯಲ್ಲಿ ತಮಾಷೆಯ ಹೊರತು ಏನೂ ಇರಲಿಲ್ಲ. ಇವನು ಸುಮ್ಮನೆ ನಕ್ಕಿದ್ದರೆ ಫೋನು ತೆಗೆದುಕೊಂಡು ಹೊರಟೇಹೋಗುತ್ತಿದ್ದ. ಆದರೆ ಇವನ ಬಾಯಿ ತಲೆಗಿಂತ ಮುಂದೆ ಓಡಿತು. ಬಗ್ಗು, ಈಗ ತಾನೇ ಸಿಕ್ತು, ನೋಡು, ಗಂಡಸು ಗಂಡಸನ್ನೇ ಕಟ್ಕೊಂಡು ಕೂತಿದ್ದಾನೆ, ಎಂದು ಒಂದೇ ಉಸಿರಿಗೆ ಹೇಳಿದ. ಈ ಅವಸರ ಅವನಿಗೆ ಹೊಸದಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಮುಖ ನೋಡದ ನಾಲ್ವರ ಜೊತೆ ಗುಂಡು ಹಾರಿಸುವ ಆಟವೊಂದನ್ನು ಆಡುತ್ತಿದ್ದಾಗ, ಐವರಲ್ಲಿ ಒಬ್ಬನ ದನಿ ಮೆತ್ತಗಿತ್ತು, ಮಾತಿನ ಕೊನೆ ಎಳೆಯುತ್ತಿತ್ತು. ಯಾರೋ ಅವನನ್ನು, ಗಂಡಸೇ ಅಲ್ಲ ಎಂದು ಹಂಗಿಸುವ ಆ ಪದದಿಂದ ಕರೆದರು. ಎರಡನೆಯವನು ಬಾಯಿ ತೆರೆಯುವ ಮೊದಲೇ ಇವನು ಅದೇ ಪದವನ್ನು ಎಲ್ಲರಿಗಿಂತ ಜೋರಾಗಿ ಕೂಗಿದ್ದ, ತನ್ನ ದನಿಯನ್ನು ಯಾರೂ ಅಳೆಯಬಾರದೆಂದು. ಮೆತ್ತಗಿನ ದನಿ ‘ಸರಿ’ ಅಂತಷ್ಟೇ ಹೇಳಿ ಆಟ ಬಿಟ್ಟು ಹೋಯಿತು. ಆಮೇಲೆ ಎಷ್ಟೋ ವರ್ಷ, ಯಾವ ಹೊಸ ಗುಂಪು ಸೇರಿದರೂ, ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟು ಸಹಜವಾಗಿ ಆ ಪದವನ್ನು ಮೊದಲು ಹೇಳಿಯೇ ಒಳಗೆ ಹೋಗುತ್ತಿದ್ದ. ನಿನ್ನೆಯೂ ಗುಂಡ ನೋಡುತ್ತಿದ್ದಂತೆ ನಮೂನೆ ತುಂಬಿದ. ಏನಾಗಬೇಕಿತ್ತು: ದೋಣಿಯವನು ಬೇಡವೆನ್ನಬೇಕಿತ್ತು. ಏನಾಯಿತು: ಬಂದು ಬಿಡಾರ ಹೂಡಿದ. ಎಷ್ಟು ಗಂಭೀರ ಎಂಬಲ್ಲಿ, ಇಡೀ ಆಟ ಕುಸಿದುಬಿದ್ದಾಗ ಮಾತ್ರ ಹಾಕುವ ಕೆಂಪು ಗುರುತು ಹಾಕಿದ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಗುಂಡನ ಉಸಿರು ಕುತ್ತಿಗೆಗೆ ತಾಗುತ್ತಿತ್ತು, ಅವನನ್ನು ನಗಿಸಬೇಕಿತ್ತು. ಟಿಪ್ಪಣಿಯ ಜಾಗದಲ್ಲಿ ಬರೆದ: ‘ದ್ವೀಪದಲ್ಲಿ ಹೆಂಗಸರಿಗೆ ಬರ ಬಂದಿರಬೇಕು.’ ಗುಂಡ ಬಿದ್ದುಬಿದ್ದು ನಕ್ಕ. ಸಂಜೆಯೊಳಗೆ ಆ ಸಾಲು ನಾಲ್ಕೂ ಮಹಡಿ ಸುತ್ತಿ ಬಂದಿತ್ತು.

ಹಾಗಾಗಿ ಇವತ್ತು ಚಪ್ಪಾಳೆ. ಹತ್ತೂವರೆಗೆ ಟೀ ಯಂತ್ರದ ಮುಂದೆ ಲೋಟ ಹಿಡಿದು ನಿಂತಿದ್ದಾಗ ಟೀಚರ್ ಬಂದರು. ಐವತ್ತು ದಾಟಿದ ಹೆಂಗಸು. ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದು, ನಡುವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿತು ಇಲ್ಲಿಗೆ ಬಂದವರಾದ್ದರಿಂದ ಮ್ಯಾನೇಜರಿನಿಂದ ಹಿಡಿದು ಎಲ್ಲರಿಗೂ ಅವರು ಟೀಚರ್. ದ್ವೀಪದ ಹತ್ತು ಜನ ಯಾರ ಮಾತಿಗೆ ಒಪ್ಪಬೇಕು, ಯಾರಿಗೆ ಒಪ್ಪಬಾರದು ಎಂಬುದನ್ನೆಲ್ಲ ಬರೆದವರು ಅವರೇ. ಲೋಟ ತುಂಬುವವರೆಗೆ ಅವರು ಕಾದರು. ಆಮೇಲೆ, ಮಕ್ಕಳ ಹತ್ತಿರ ಲೆಕ್ಕದ ಉತ್ತರ ಕೇಳುವವರ ಹಾಗೆ, ದೋಣಿಯವನು ಬರ್ತಾನೆ ಅನ್ನೋದು ನಿಮಗೆ ಎಷ್ಟು ದಿನದಿಂದ ಗೊತ್ತಿತ್ತು ಎಂದು ಕೇಳಿದರು. ನಿನ್ನೆ, ನಿನ್ನೆ ಮಧ್ಯಾಹ್ನವೇ ಸಿಕ್ಕಿದ್ದು ಎಂದ. ಅವರು ಅವನ ಮುಖವನ್ನೇ ನೋಡಿದರು. ಹೌದಾ, ಎಂದರು. ತಮ್ಮ ಲೋಟವನ್ನು ತುಂಬಿಸದೆ ಹಾಗೇ ಹಿಡಿದುಕೊಂಡು ಹೋದರು. ಖಾಲಿ ಲೋಟ ಹಿಡಿದು ಅವರು ಕಾರಿಡಾರಿನುದ್ದಕ್ಕೂ ನಡೆದುಹೋದದ್ದನ್ನು ಅವನು ನೋಡುತ್ತ ನಿಂತ. ಬಿಸಿ ಟೀ ಬೆರಳಿಗೆ ತುಳುಕಿತು. ಕೈ ಬದಲಾಯಿಸಲಿಲ್ಲ.

ಹನ್ನೊಂದಕ್ಕೆ ಮೀಟಿಂಗು. ಕೆಂಪು ಗುರುತಿನ ಬಗ್ಗನ್ನು ಹಿಡಿದವನೇ ಎಲ್ಲರೆದುರು ಮಾಡಿ ತೋರಿಸಬೇಕು, ಅದು ಅಲ್ಲಿನ ನಿಯಮ. ಗೋಡೆಯಗಲದ ಪರದೆ, ಹತ್ತು ಹನ್ನೆರಡು ಜನ, ಹಿಂದಿನ ಸಾಲಿನಲ್ಲಿ ಟೀಚರ್. ಅವನು ತೋರಿಸಲೆಂದೇ ಬೆಳಿಗ್ಗೆ ಅದೇ ಆಟವನ್ನು ಹೊಸದಾಗಿ ಶುರುಮಾಡಿ ಇಟ್ಟುಕೊಂಡಿದ್ದ, ಖಾಲಿ ಮನೆ, ಬರೀ ನೆಲ. ಆದರೆ ಗುಂಡ, ನಿನ್ನೇದೇ ತೋರಿಸಯ್ಯಾ, ಅದು ಮಜಾ ಇದೆ, ಅಂದ. ಮ್ಯಾನೇಜರೂ ಅದನ್ನೇ ಹಾಕಿ ಅಂದರು. ಹಾಕಿದ. ಇಡೀ ಗೋಡೆಯ ಮೇಲೆ ಅವನ ಮನೆ ತೆರೆದುಕೊಂಡಿತು: ಎರಡು ಕುರ್ಚಿ, ಒಲೆಯ ಮುಂದೆ ಕಂಬಳಿ, ಮೊಳೆಗೆ ಕೋಟು, ಕಿಟಕಿಯಲ್ಲಿ ದೋಣಿಯವನು ಇಷ್ಟಪಡುವ ನೀಲಿ ಹೂವಿನ ಕುಂಡ. ಸ್ನಾನದ ಮನೆಯ ಬಾಗಿಲು ಯಾರೋ ಹಠಾತ್ತನೆ ತೆಗೆದ ಹಾಗಾಯಿತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, ‘ಒಟ್ಟಿಗೆ: 19 ದಿನ.’ ಇಷ್ಟೆಲ್ಲ ಸಾಮಾನು ಯಾವಾಗ ಜೋಡಿಸಿದೆ ಎಂದು ಯಾರೋ ಕೇಳಿದರು. ಪರೀಕ್ಷೆ ಮಾಡೋಕೆ ತಾರೀಖು ಮುಂದಕ್ಕೆ ಹಾಕಿದ್ದೆ ಎಂದ. ಎಲ್ಲರೂ ನಂಬಿದರು. ಟೆಸ್ಟಿಂಗಿನವರು ಹಾಗೆ ಮಾಡುವುದುಂಟು. ಅವನು ಹಿಂದಿನ ಸಾಲಿನ ಕಡೆ ನೋಡಲಿಲ್ಲ. ಅಷ್ಟರಲ್ಲಿ ದೋಣಿಯವನು ಒಳಗೆ ಬಂದು, ಯಾವ ದಿನ ಯಾವ ಮಾತು ಬರುತ್ತದೆಂಬುದು ಯಾರ ಕೈಯಲ್ಲೂ ಇರಲಿಲ್ಲವಲ್ಲ, ‘ನೀನಿಲ್ಲದಾಗ ಈ ಮನೆ ತುಂಬಾ ದೊಡ್ಡದಾಗುತ್ತೆ’ ಎಂದ. ಕೋಣೆ ಗೊಳ್ಳೆಂದಿತು. ಅವನೂ ನಕ್ಕ. ನಗುವವರಲ್ಲಿ ತನ್ನ ದನಿಯೇ ಕೊನೆಗೆ ನಿಂತದ್ದು ಅವನಿಗೆ ಕೇಳಿಸಿತು.

ಈ ತಪ್ಪು ಹೇಗೆ ನುಸುಳಿತು ಎಂದು ಮ್ಯಾನೇಜರು ಟೀಚರನ್ನು ಕೇಳಿದರು. ಸಿಟ್ಟಿನ ಮನುಷ್ಯ ಅಲ್ಲ, ಪೆನ್ನಿನ ತುದಿ ಕಚ್ಚುತ್ತ ಕೇಳಿದರು.

“ನುಸುಳಿಲ್ಲ ಸರ್. ನಾನೇ ಬಿಟ್ಟಿದ್ದು,” ಎಂದರು ಟೀಚರ್.

ಯಾಕೆ ಎಂದದ್ದಕ್ಕೆ, ಆ ಪಾತ್ರದ ಮಾತುಗಳನ್ನು ಓದಿದೆ, ಯಾರಿಗೆ ಹೇಳಿದರೂ ಸರಿಹೋಗುತ್ತಿತ್ತು, ಬೇಡ ಅನ್ನಿಸೋಕೆ ಕಾರಣ ಸಿಗಲಿಲ್ಲ ಎಂದರು. ಕಾಗದದಲ್ಲಿ ಹಾಗಿಲ್ಲವಲ್ಲ ಎಂದರು ಮ್ಯಾನೇಜರು. ಕಾಗದ ತಿದ್ದಬಹುದು, ಬಿಡುಗಡೆಗೆ ಇನ್ನೂ ನಾಲ್ಕು ತಿಂಗಳಿದೆ ಎಂದರು ಟೀಚರ್. ನಗು ಇಂಗಿತು. ಗುಂಡ ಕೂಡ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತ. ಮ್ಯಾನೇಜರು ಗೋಡೆಯ ಮೇಲಿನ ಮನೆಯನ್ನು ಸ್ವಲ್ಪ ಹೊತ್ತು ನೋಡಿದರು. ಅವರು ನಿಜಕ್ಕೂ ಯೋಚಿಸುತ್ತಿದ್ದರು. ಇದು ಅವನಿಗೆ ಆಮೇಲೆ ಎಷ್ಟೋ ಸಲ ನೆನಪಾಗಿ ನಿದ್ದೆಗೆಡಿಸಿತು. ಅವರು ನಿಜಕ್ಕೂ ಯೋಚಿಸುತ್ತಿದ್ದರು, ಆಚೆಗೂ ಈಚೆಗೂ ಆಗಬಹುದಿತ್ತು. ಆಮೇಲೆ ಇವನ ಕಡೆ ತಿರುಗಿದರು.

“ದಿನಾ ಆಡೋರು ನೀವು. ಇದು ಹೀಗೇ ಇದ್ರೆ ಆಡೋರಿಗೆ ಏನಾದ್ರೂ ತೊಂದರೆ ಅನ್ಸುತ್ತಾ? ನಿಮ್ಮ ಅಭಿಪ್ರಾಯ ಹೇಳಿ.”

ಹನ್ನೊಂದು ವರ್ಷದಲ್ಲಿ ಅವನನ್ನು ಯಾರೂ ಅಭಿಪ್ರಾಯ ಕೇಳಿರಲಿಲ್ಲ. ಇಲ್ಲ ಸರ್ ಎಂಬ ಎರಡು ಪದ ನಾಲಿಗೆಯ ಮೇಲೇ ಇದ್ದವು. ಆದರೆ ಹಾಗೆಂದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಹೇಳುವಾಗ ದನಿ ಎಲ್ಲಿಯಾದರೂ ಎಳೆದರೆ, ಎಲ್ಲರೂ ಆ ಎರಡು ಕುರ್ಚಿಗಳ ಕಡೆಗೂ ಆಮೇಲೆ ತನ್ನ ಕಡೆಗೂ ನೋಡಿದರೆ, ಸನ್ಯಾಸಿ ಎಂಬ ಹೆಸರಿನ ಅರ್ಥ ಅಷ್ಟೂ ಜನರ ತಲೆಯಲ್ಲಿ ಒಟ್ಟಿಗೇ ಬದಲಾದರೆ. ಗುಂಡ ತನ್ನನ್ನು ನೋಡುತ್ತಿದ್ದಾನೆ ಎಂದುಕೊಂಡ. ಗುಂಡ ನೋಡುತ್ತಿದ್ದದ್ದು ತನ್ನ ಉಗುರನ್ನು. ತಪ್ಪು ತಪ್ಪೇ ಸರ್, ತೆಗೆದ್ರೇ ವಾಸಿ, ಎಂದ. ಮ್ಯಾನೇಜರು ತಲೆಯಾಡಿಸಿ ಪುಸ್ತಕದಲ್ಲಿ ಒಂದು ಗೆರೆ ಎಳೆದರು. ಮುಂದಿನ ಬಗ್ಗಿಗೆ ಹೋದರು.

ತಿದ್ದಿದ ಆಟ ಗುರುವಾರ ಅವನ ಮೇಜಿಗೇ ಬಂತು. ಹಿಡಿದವನೇ ಸರಿಯಾಗಿದೆಯೆಂದು ಮೂರು ಸಲ ನೋಡಿ ಮುಚ್ಚಬೇಕು. ಮನೆಯಲ್ಲಿ ಕೋಟಿರಲಿಲ್ಲ. ಕಂಬಳಿಯೂ ಕುರ್ಚಿಗಳೂ ಇದ್ದಲ್ಲೇ ಇದ್ದವು. ಅವನ್ನು ಮಾಡಿದ್ದು ಇವನಲ್ಲವೇ. ದೋಣಿಯವನು ದಡದಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ, ಗುರುತಿತ್ತು, ಹೆಸರು ಹಿಡಿದು ಕರೆದ. ಇವನು ಕೇಳಿದ. ‘ನೀನು ಒಳ್ಳೆ ಸ್ನೇಹಿತ. ಹಾಗೇ ಇರೋಣ.’ ಎರಡನೇ ಸಲ ಕೇಳಿದ. ಪಕ್ಕದಲ್ಲಿ ಗುಂಡ ಬಿಸ್ಕತ್ತು ಮುರಿಯುತ್ತ ಬೇರೆ ಏನೋ ಆಟದಲ್ಲಿ ಗೋಡೆಗೆ ತಲೆ ಹೊಡೆಸುತ್ತಿದ್ದ. ಮೂರನೇ ಸಲ ಕೇಳುವ ಗುಂಡಿಯ ಮೇಲೆ ಬೆರಳಿಟ್ಟು ಅವನು ಬಹಳ ಹೊತ್ತು ಕೂತ. ಜೀವವಿಲ್ಲದ ಒಂದು ಚಿತ್ರದ ಮುಂದೆ ಮತ್ತೊಮ್ಮೆ ಬೇಡವೆನ್ನಿಸಿಕೊಳ್ಳಲು ಇಷ್ಟು ಅಂಜುವುದು ನಗೆಪಾಟಲು ಎಂದು ತನಗೆ ತಾನೇ ಹೇಳಿಕೊಂಡ. ಕೇಳಿದ. ಬೇಡವೆನ್ನಿಸಿಕೊಂಡ. ಬಗ್ಗನ್ನು ಮುಚ್ಚಿದ.

ಟೀಚರನ್ನು ಯಾರೂ ಕೆಲಸದಿಂದ ಕಳಿಸಲಿಲ್ಲ. ತಾವೇ ಬೇರೆ ಕಡೆ ಕೆಲಸ ನೋಡಿಕೊಂಡರು, ಮನೆಗೆ ಹತ್ತಿರ ಅಂದರಂತೆ. ಅವನು ಆ ‘ಹತ್ತಿರ’ವನ್ನು ಗಟ್ಟಿಯಾಗಿ ಹಿಡಿದುಕೊಂಡ. ದೂರ ಓಡಾಡುವುದು ಯಾರಿಗಾದರೂ ಕಷ್ಟವೇ ಅಲ್ಲವೇ. ಕೊನೆಯ ದಿನ ಅವರು ಮೇಜಿನಿಂದ ಮೇಜಿಗೆ ಹೋಗಿ ಹೇಳಿಬರುತ್ತಿದ್ದಾರೆಂದು ತಿಳಿದಾಗ ಎದ್ದು, ಹಳೆಯ ಯಂತ್ರಗಳನ್ನು ಒಟ್ಟುವ ಕೋಣೆಗೆ ಹೋಗಿ, ಕೇಬಲ್ಲಿನ ರಾಶಿಯಲ್ಲಿ ಏನೋ ಹುಡುಕುವವನಂತೆ ನಿಂತ. ಕಾಲು ಗಂಟೆ ಕಳೆದಿರಬೇಕು. ಬಾಗಿಲು ತೆರೆಯಿತು. ತಮ್ಮ ಕಂಪ್ಯೂಟರನ್ನು ಎದೆಗವಚಿಕೊಂಡು, ವಾಪಸು ಇಡಲು ಟೀಚರೇ ಬಂದಿದ್ದರು. ಇಲ್ಲಿದ್ದೀರಾ, ನಿಮ್ಮ ಮೇಜಿನ ಹತ್ತಿರ ಹೋಗಿದ್ದೆ ಎಂದರು. ಕಂಪ್ಯೂಟರನ್ನು ಶೆಲ್ಫಿನಲ್ಲಿಟ್ಟು, ವೈರು ಸುತ್ತಿ ಗಂಟು ಹಾಕಿ, ಕೈಯ ಧೂಳು ಒರೆಸಿಕೊಂಡರು. ಹೋಗಲಿಲ್ಲ.

ದೋಣಿಯವನು ಯಾರ ಮನೆಗಾದರೂ ಬಂದರೆ ನನ್ನ ಕಂಪ್ಯೂಟರಿನಲ್ಲಿ ಒಂದು ಸಾಲು ಬೀಳುವ ಹಾಗೆ ಮಾಡಿಟ್ಟಿದ್ದೆ ಎಂದರು. ಯಾರು ಎಂದು ಗೊತ್ತಾಗುತ್ತಿರಲಿಲ್ಲವಂತೆ. ಗಂಡು ಪಾತ್ರ, ಹೊತ್ತು, ಇಷ್ಟೇ. ಕೆಲಸದ ದಿನ ಒಂದೂ ತಪ್ಪದೆ ಒಂದೂಕಾಲಿಗೆ ಒಂದು ಸಾಲು.

“ಮನೇಲಿ ಅವಳಿಗೆ ಹೇಳ್ತಿದ್ದೆ, ಇವತ್ತೂ ಬಂದಿದ್ರು ಅಂತ. ಇಪ್ಪತ್ತೆರಡು ವರ್ಷದಿಂದ ಜೊತೆಗಿದ್ದೀವಿ ನಾವಿಬ್ರೂ. ಅವಳಿಗೆ ಗೇಮಂದ್ರೆ ತಲೆಬುಡ ಗೊತ್ತಿಲ್ಲ. ಆದ್ರೂ ಸಂಜೆ ನಾನು ಬ್ಯಾಗ್ ಇಳಿಸೋದಕ್ಕೂ ಬಿಡದೆ ಕೇಳೋಳು, ಬಂದಿದ್ರಾ ಅಂತ.”

ಎಲ್ಲೋ ಒಂದು ಅಡುಗೆಮನೆಯಲ್ಲಿ, ತಾನು ಕಾಣದ ಒಬ್ಬ ಹೆಂಗಸು ತನಗಾಗಿ ಮೂರು ವಾರ ಸಂತೋಷಪಟ್ಟಿದ್ದಳು. ಹೇಳಬೇಕಾದದ್ದು ಎದೆಯಲ್ಲಿ ಎಷ್ಟಿತ್ತೋ ಅಷ್ಟೂ ಬಾಯಿಗೆ ಬಂದಾಗ, ಗುಂಡ ನೋಡಿಬಿಟ್ಟ ಟೀಚರ್, ಎಂಬ ಒಂದೇ ಮಾತಾಗಿ ಬಂತು. ಸ್ಲೇಟು ಒಡೆದದ್ದಕ್ಕೆ ಪಕ್ಕದವನ ಮೇಲೆ ಬೊಟ್ಟು ಮಾಡುವ ಹುಡುಗನ ದನಿಯಲ್ಲಿ.

“ಬರೆದಿದ್ದಕ್ಕೆ ನನಗೆ ಬೇಜಾರಿಲ್ಲ. ಹೆದರಿಕೆ ನನಗೂ ಗೊತ್ತು,” ಎಂದರು ಟೀಚರ್. “ಹೆಂಗಸರಿಗೆ ಬರ ಅಂತ ಬರೆದ್ರಲ್ಲ, ಅದನ್ನ ಮಾತ್ರ ಅವಳಿಗೆ ಹೇಳಲಿಲ್ಲ. ಇನ್ನು ಬರಲ್ಲ ಅಂತಷ್ಟೇ ಹೇಳಿದೆ.”

ಅವರು ಹೋದ ಮೇಲೆ ಅವನು ಕೇಬಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಸುತ್ತಿ, ಸಾಲಾಗಿ ಇಟ್ಟ. ಯಾರೂ ಹೇಳದ ಕೆಲಸ. ಮುಗಿಸಿ ಹೊರಗೆ ಬಂದಾಗ ಅವರ ಮೇಜನ್ನು ಯಾರೋ ಒರೆಸಿ ಆಗಿತ್ತು.

ಆಟ ಬಿಡುಗಡೆಯಾಗಿ ಒಂದು ತಿಂಗಳಾದ ಮೇಲಿನ ಭಾನುವಾರ ಅವನು ಅಕ್ಕನ ಮನೆಗೆ ಹೋದ. ಮೂರು ಬೀದಿ ಆಚೆಗಿನ ಮನೆ. ಪ್ರತಿ ಭಾನುವಾರ ಬೆಳಿಗ್ಗೆ ಹೋಗುತ್ತಿದ್ದವನು ಇತ್ತೀಚೆಗೆ ತಲೆನೋವು, ಬಟ್ಟೆ ಒಗೆಯೋದಿದೆ ಎಂದು ತಪ್ಪಿಸುತ್ತಿದ್ದ. ಅಕ್ಕ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ನೆಲದ ತುಂಬ ನೀಲಿ ಬಟ್ಟೆಯ ತುಣುಕು, ಅದರ ನಡುವೆ ಟಿವಿಗೆ ಮುಖ ಮಾಡಿ ಹದಿನೈದರ ಮಗಳು ಪುಟ್ಟಿ. ಅವಳ ಕೈಯಲ್ಲಿ ಯಾವ ಆಟ ಇದೆಯೆಂದು ಚಪ್ಪಲಿ ಬಿಡುವಾಗಲೇ ಅದರ ಅಲೆಯ ಸದ್ದಿನಿಂದ ಅವನಿಗೆ ತಿಳಿಯಿತು. ತಿರುಗಿ ಹೋಗುವ ಹಾಗಿರಲಿಲ್ಲ. ಮಾಮ ತಪ್ಪು ಹುಡುಕಿದ ಆಟ ಎಂದು ಅವಳು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ ಎಂದು ಅಕ್ಕ, ಬಟ್ಟೆಯಿಂದ ಕಣ್ಣು ತೆಗೆಯದೆಯೇ, ಹೆಮ್ಮೆಯಿಂದ ಹೇಳಿದಳು. ಪುಟ್ಟಿ ಟೋಪಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಗಂಡು ಪಾತ್ರ ಆರಿಸಿಕೊಂಡಿದ್ದಳು.

“ಮಾಮ, ನಿಮ್ಮ ಆಟದಲ್ಲಿ ಒಂದು ಬಗ್ಗಿದೆ,” ಎಂದಳು. “ಈ ದೋಣಿಯವನಿಗೆ ಎರಡು ವಾರದಿಂದ ಏನೇನು ಕೊಟ್ಟಿದ್ದೀನಿ ಗೊತ್ತಾ? ಎಲ್ಲಾ ತಗೋತಾನೆ. ಎಷ್ಟು ಚೆನ್ನಾಗಿ ಮಾತಾಡ್ತಾನೆ. ಮನೆಗೆ ಬಾ ಅಂದ್ರೆ ಮಾತ್ರ ಬರಲ್ಲ. ಅವನಿಗೆ ಬರೋ ಮನಸ್ಸಿದೆ, ನೋಡಿದ್ರೇ ಗೊತ್ತಾಗುತ್ತೆ. ಎಲ್ಲೋ ಸಿಕ್ಕಿಹಾಕ್ಕೊಂಡಿದೆ. ಇಷ್ಟು ದೊಡ್ಡದನ್ನ ನೀನು ಹಿಡೀಲಿಲ್ವಾ?”

ಅದು ವಿನ್ಯಾಸ, ಕಾಗದದಲ್ಲೇ ಹಾಗಿದೆ ಎಂದರೆ ಮುಗಿಯುತ್ತಿತ್ತು. ಅವಳು ಸರಿ ಎಂದು ಮೀನು ಹಿಡಿಯಲು ಹೋಗುತ್ತಿದ್ದಳು. ಅವನು ಬಟ್ಟೆಯ ತುಣುಕುಗಳನ್ನು ಸರಿಸಿ ಅವಳ ಪಕ್ಕ ನೆಲದ ಮೇಲೆ ಕೂತ. ದೋಣಿಯವನು ದಡದಲ್ಲಿ ನಿಂತು ಉತ್ತರಕ್ಕೆ ಕಾಯುತ್ತಿದ್ದ.

“ಬಗ್ಗಲ್ಲ ಪುಟ್ಟಿ. ಮೊದಲು ಬರ್ತಿದ್ದ. ನಾನು ತೆಗೆಸಿದೆ.”

“ಯಾಕೆ?”

ಹೊಲಿಗೆ ಯಂತ್ರ ನಿಂತಿತು. ಮಾತು ತಮ್ಮನ ಸುತ್ತ ಎಲ್ಲಿಗೋ ಹೋಗುತ್ತಿದೆ ಅನ್ನಿಸಿದಾಗ ಅಕ್ಕ ಯಾವಾಗಲೂ ಮಗಳಿಗೆ ಏನಾದರೊಂದು ಕೆಲಸ ಹೇಳುತ್ತಿದ್ದಳು, ನೀರು ತಾ, ಬಾಗಿಲು ಹಾಕು, ಅಂಗಡಿಗೆ ಹೋಗಿ ದಾರ ತಂದುಬಿಡು. ವರ್ಷಗಳಿಂದ ಹಾಗೆ ಅವನನ್ನು ಕಾಪಾಡಿದ್ದಳು, ಅಥವಾ ತನ್ನನ್ನೇ ಕಾಪಾಡಿಕೊಂಡಿದ್ದಳು, ಯಾವುದೆಂದು ಅವನು ಕೇಳಿರಲಿಲ್ಲ. ಈಗಲೂ ಅವಳು ಹಾಗೇ ಹೇಳಲಿ ಎಂದು ಕಾದ. ಅಕ್ಕ ಹಲ್ಲಿನಿಂದ ದಾರ ಕಡಿದಳು.

“ಕೇಳ್ತಿದ್ದಾಳಲ್ಲ,” ಎಂದಳು. “ಹೇಳು.”

ಅವನು ಶುರುಮಾಡಿದ. ಆಫೀಸಿನಲ್ಲಿ ಗುಂಡ ಅಂತ ಒಬ್ಬನಿದ್ದಾನೆ, ಒಂದು ದಿನ ಅವನು ಫೋನು ಮರೆತು ಊಟಕ್ಕೆ ಹೋಗಿದ್ದ ಎಂದು ಹೇಳುತ್ತ ಹೋದವನು ನಡುವೆ ನಿಂತ. ಹೀಗೆ ಹೇಳಿದರೆ ಎಲ್ಲವೂ ಗುಂಡನ ಫೋನಿನದೇ ತಪ್ಪಾಗುತ್ತದೆ. ಪುಟ್ಟಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಅವನ ಕಡೆ ಪೂರ್ತಿ ತಿರುಗಿ ಕೂತಿದ್ದಳು. ಅವನ ಕಿವಿ ಸುಡುತ್ತಿತ್ತು. ಅಕ್ಕನ ಕಡೆ ನೋಡಲು ಆಗಲಿಲ್ಲ.

“ಅಲ್ಲ,” ಎಂದ. “ಮೊದಲಿಂದ ಹೇಳ್ತೀನಿ. ಅವನು ಮನೆಗೆ ಬರೋದು ನನಗೆ ತುಂಬಾ ಇಷ್ಟ ಇತ್ತು.”